ಒಂದು ಕೂದಲಿನಷ್ಟು ಜಾಗ

“ಜೆಸಿಬಿ ಆದ್ರ ಮೂರು ಸಾವಿರ, ಕೈಲೆ ತೋಡಿದ್ರ ಆರು. ಉಪ್ಪು ಹತ್ತು ಚೀಲ, ಚೀಲಕ್ಕ ಮುನ್ನೂರು. ಹೂವು, ಬಿಲ್ವಪತ್ರಿ, ಗಾಡಿ ಬಾಡಿಗಿ ಬ್ಯಾರೆ. ವಿಭೂತಿ ನಾನ ಸೊಲ್ಲಾಪುರದಿಂದ ತಂದೀನಿ, ಅದರ ಲೆಕ್ಕ ಬಿಡ್ರಿ” ಎನ್ನುತ್ತಲೇ ಮರಿಯಪ್ಪ ಅಕ್ಕನ ಗಂಡನ ಬಲಗಾಲಿನ ಹಿಮ್ಮಡಿಗೆ ದಾರದ ತುದಿಯನ್ನು ಒತ್ತಿ ಹಿಡಿದ. ಕಾಮಠಿಯಿಂದ ಬಂದಿದ್ದ ಅಯ್ಯನವರು ದಾರವನ್ನು ಹೆಬ್ಬೆರಳಿನ ತುದಿಯವರೆಗೆ ಎಳೆದು ಅಲ್ಲೊಂದು ಗಂಟು ಹಾಕಿದರು.

ಲಿಂಗವಂತರಲ್ಲಿ ಸತ್ತವರ ಕುಣಿಯನ್ನು ಅವರ ಪಾದದಿಂದಲೇ ಅಳೆಯುವ ರೂಢಿ. ಒಂಬತ್ತು ಪಾದ ಉದ್ದ, ಐದು ಪಾದ ಅಗಲ. ರುದ್ರಪ್ಪನನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಸೊಂಟಕ್ಕೆ ಹೊಸ ಧೋತರ. ಉಗುರಿನ ಸಂದಿಯ ಗ್ರೀಸ್ ಮಾತ್ರ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಮೇ ತಿಂಗಳ ನಾಗಪುರ. ಕಿಟಕಿಗೆ ಕಟ್ಟಿದ ಕೂಲರ್ ತಣ್ಣಗಿನ ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತಿತ್ತು.

“ದಾರ ಸಡಿಲ ಹಿಡಿದ್ರಿ ಮರಿಯಪ್ಪನೋರೆ” ಎಂದ ಉತ್ತಪ್ಪ. ಕೊಡಗಿನವನು, ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದು ನಿವೃತ್ತನಾದ ಮೇಲೆ ಇಲ್ಲೇ ಮನೀಶ್ ನಗರದಲ್ಲಿ ಉಳಿದವನು. ಪ್ರತಿದಿನ ಸಂಜೆ ರುದ್ರಪ್ಪನ ಜೊತೆ ಚಹಾ ಕುಡಿಯುತ್ತಿದ್ದ ಒಬ್ಬನೇ ಗೆಳೆಯ. “ಇವರಿದ್ದಿದ್ರೆ ಇನ್ನೊಂದ್ಸಲ ಅಳೀರಿ ಅಂತಿದ್ರು.”

“ಇದ್ದಿದ್ರ ಕುಣಿಗೂ ಮೈಕ್ರೋಮೀಟರ್ ಹಚ್ಚತಿದ್ರು ನಮ್ಮ ಮಾಮಾ” ಎಂದ ಮರಿಯಪ್ಪ. ಒಂದಿಬ್ಬರು ನಕ್ಕರು, ಆಮೇಲೆ ತಲೆ ತಗ್ಗಿಸಿದರು.

ಅಯ್ಯನವರು ನಗಲಿಲ್ಲ. ಹೆಣದ ಎದೆಯ ಮೇಲೆ ಕೈಯಾಡಿಸಿ ನೋಡಿದರು. “ಕೊರಳಾಗ ಲಿಂಗ ಇಲ್ಲಲ್ಲ?”

ಹುಟ್ಟಿದಾಗ ಕಟ್ಟಿದ ಲಿಂಗವನ್ನು ಸತ್ತಾಗ ಅಂಗೈಯಲ್ಲಿಟ್ಟು ಮಣ್ಣು ಕೊಡಬೇಕು. ಅದಿಲ್ಲದೆ ಮಾಡುವ ಕೆಲಸವಲ್ಲ ಅದು.

“ನನ್ನ ಚೀಲದಾಗ ಹೊಸಾ ಲಿಂಗ ಐತಿ. ಅಡ್ಡಿ ಇಲ್ಲ, ಅದನ್ನ ಇಡೂಣು” ಎಂದರು ಅಯ್ಯನವರು, ಸಮಾಧಾನವಾಗಿ.

“ಬ್ಯಾಡ್ರಿ.” ಮಾತನಾಡಿದ್ದು ಸತ್ಯಭಾಮಾ. ನಿನ್ನೆ ಸಂಜೆಯಿಂದ ಅವಳು ಗಂಡನ ಮಗ್ಗುಲಲ್ಲೇ ಕೂತಿದ್ದಳು, ಅತ್ತಿರಲಿಲ್ಲ. “ಅವರದು ಶೆಡ್ಡಿನಾಗ ಐತಿ. ಕಟ್ಟಿಗಿ ಡಬ್ಬಿಯೊಳಗ, ಗೇಜ್ ಇಡೂ ಜಾಗಾದಾಗ. ಅಕ್ಷರಾ, ಹೋಗಿ ತೊಗೊಂಬಾ” ಎಂದಳು ಮಗಳಿಗೆ.

“ನೀನ ತರಬಹುದಿತ್ತಲ್ಲ ಅಕ್ಕಾ, ಇಲ್ಲೇ ಅಂಗಳದಾಗ ಐತಿ” ಎಂದ ಮರಿಯಪ್ಪ.

ಪಕ್ಕದ ಮನೆಯ ಕಾಶಿಬಾಯಿ ಅವನ ತೋಳು ಮುಟ್ಟಿ ಬೇಡ ಎಂಬಂತೆ ತಲೆಯಾಡಿಸಿದಳು. ಮಗ ಸತ್ತಂದಿನಿಂದ ಸತ್ಯಭಾಮಾ ಆ ಶೆಡ್ಡಿಗೆ ಕಾಲಿಟ್ಟವಳಲ್ಲ ಎಂಬುದು ಓಣಿಗೆಲ್ಲ ಗೊತ್ತಿತ್ತು. ನಿನ್ನೆ ಶೆಡ್ಡಿನಲ್ಲಿದ್ದ ರುದ್ರಪ್ಪ ಚಹಾಕ್ಕೆ ಎಷ್ಟು ಕರೆದರೂ ಓಗೊಡದಿದ್ದಾಗಲೂ ಒಳಗೆ ಹೋಗಿ ನೋಡಿದವಳು ಕಾಶಿಬಾಯಿಯೇ.

*

ಮದುವೆಯಾಗಿ ನಾಗಪುರಕ್ಕೆ ಬಂದ ಹೊಸದರಲ್ಲಿ ಸತ್ಯಭಾಮಾಳಿಗೆ ಗದಗಿನ ಮಾತು ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಸೈಕಲ್ಲಿನ ಮೇಲೊಬ್ಬ “ಭಂಗಾರ, ಭಂಗಾರ” ಎಂದು ಕೂಗುತ್ತ ಬಂದ. ಅವಳು ಒಳಗೆ ಓಡಿದಳು.

“ರೀ, ಬಂಗಾರ ಮಾರಾಂವ ಸೈಕಲ್ ಮ್ಯಾಲ ಬಂದಾನ! ಇದೆಂಥಾ ಊರ್ರಿ!”

ರುದ್ರಪ್ಪ ಕಿಟಕಿಯಿಂದ ನೋಡಿ ನಗಲು ಶುರು ಮಾಡಿದವನು ನೆಲದ ಮೇಲೆ ಕೂತುಬಿಟ್ಟ. “ಹುಚ್ಚಿ, ಇಲ್ಲಿ ಭಂಗಾರ ಅಂದ್ರ ಗುಜರಿ. ಮುರಕಾ ತಗಡು, ಹಳೇ ಕಬ್ಬಿಣ.”

ಅಂದಿನಿಂದ ಮನೆಯಲ್ಲಿ ಗುಜರಿಗೆಲ್ಲ ಬಂಗಾರವೇ ಹೆಸರು. ಸರಕಾರಿ ಶಸ್ತ್ರ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ರುದ್ರಪ್ಪ ಸಂಜೆ ಅಂಗಳದ ತಗಡಿನ ಶೆಡ್ಡಿನಲ್ಲಿ ಸ್ಕೂಟರು, ನೀರಿನ ಪಂಪು, ಜನರೇಟರ್‌ಗಳ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದ. ತುಕ್ಕು ಹಿಡಿದ ಎಂಜಿನ್ ಬಂದಾಗಲೆಲ್ಲ, “ಸತ್ಯಾ, ಬಂಗಾರ ಬಂತು ನೋಡು” ಎಂದು ಕೂಗುತ್ತಿದ್ದ. ಅವಳು ಚಹಾ ತಂದು ಅಲ್ಲೇ ಮಣೆಯ ಮೇಲೆ ಕೂರುತ್ತಿದ್ದಳು.

ಕೆಲಸಕ್ಕೆ ಕೈ ಹಾಕುವ ಮೊದಲು ಅವನು ಕೊರಳಿನ ಲಿಂಗ ತೆಗೆಯುತ್ತಿದ್ದ. ಬಗ್ಗಿದಾಗ ಶಿವದಾರ ತಿರುಗುವ ಮಷೀನಿಗೆ ಸಿಕ್ಕರೆ ಕೊರಳೇ ಹೋದೀತು. ಸಿಲಿಂಡರಿನ ಒಳ ಅಗಲವನ್ನು ಅಳೆಯುವ ಗೇಜು ಒಂದು ಕಟ್ಟಿಗೆ ಡಬ್ಬಿಯಲ್ಲಿತ್ತು, ಒಳಗೆ ಹಸಿರು ಮಖಮಲ್ಲು. ಗೇಜನ್ನು ಹೊರಗೆ ತೆಗೆದಾಗ ಅದರ ಗುಳಿ ಖಾಲಿಯಾಗುತ್ತಿತ್ತು. ಆ ಗುಳಿಯಲ್ಲಿ ಲಿಂಗದ ಬೆಳ್ಳಿ ಕರಡಿಗೆಯನ್ನು ಇಡುತ್ತಿದ್ದ. ಅಳತೆ ಮುಗಿದ ಮೇಲೆ ಗೇಜು ಗುಳಿಗೆ, ಲಿಂಗ ಕೊರಳಿಗೆ.

“ದೇವರನ್ನ ಡಬ್ಬಿಯಾಗ ಇಡ್ತೀರಲ್ರಿ?”

“ಈ ಶೆಡ್ಡಿನಾಗ ಅದಕ್ಕಿಂತ ಚೊಕ್ಕ ಜಾಗ ಎಲ್ಲೈತಿ ಹೇಳು.”

ಒಮ್ಮೆ ಅವಳ ಜಡೆಯಿಂದ ಒಂದು ಕೂದಲು ಕಿತ್ತು ಮೈಕ್ರೋಮೀಟರಿನ ಬಾಯಿಗೆ ಇಟ್ಟು ಮೆಲ್ಲಗೆ ತಿರುಗಿಸಿದ. “ನೂರರ ಎಂಟು. ಒಂದು ಮಿಲಿಮೀಟರನ್ನ ನೂರು ಪಾಲು ಮಾಡಿದ್ರ ಅದರಾಗ ಎಂಟು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವ ಇಷ್ಟು ಜಾಗ ಬೇಕು. ಕಡಿಮಿ ಆದ್ರ ಬಿಸಿಯಾಗಿ ಒಂದಕ್ಕೊಂದು ಕಚ್ಚಿ ಹಿಡೀತಾವ. ಹೆಚ್ಚಾದ್ರ ಬಡಕೋತ ಬಡಕೋತ ಸವೀತಾವ.”

“ಗಂಡಾ ಹೆಂಡತಿ ಹಂಗ ಅನ್ರಿ.”

“ಹೂಂ. ಬರೋಬರ್.”

ಬರೋಬರ್, ಸರಿಯಾಗಿದೆ, ಎಂಬುದು ಅವನಿಗೆ ಸುಮ್ಮನೆ ಆಡುವ ಮಾತಲ್ಲ. ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ ಗೇಜಿನ ಮುಳ್ಳು ಹೇಳದೆ ಆ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಮುಳ್ಳು ನಿಂತ ಮೇಲೆ ಬರೋಬರ್ ಎಂದು, ಲಿಂಗ ಕಟ್ಟಿಕೊಳ್ಳುತ್ತ ಒಳಗೆ ಬರುತ್ತಿದ್ದ. ಆ ಮಾತು ಕೇಳಿ ಸತ್ಯಭಾಮಾ ರೊಟ್ಟಿಯ ಹಂಚು ಇಡುತ್ತಿದ್ದಳು.

*

ಅಕ್ಷರಾ ಶೆಡ್ಡಿನ ಬಾಗಿಲು ದೂಡಿದಳು. ಒಳಗೆ ಬಿಸಿ ಹಬೆಯಂತೆ ಮುಖಕ್ಕೆ ಹೊಡೆಯಿತು. ಮೂಲೆಯ ಗಾಡಿಯನ್ನು ವರ್ಷಗಟ್ಟಲೆ ಮುಚ್ಚಿದ್ದ ನೀಲಿ ತಾಡಪತ್ರಿ ಮಡಚಿ ಪಕ್ಕಕ್ಕಿಟ್ಟಿತ್ತು. ಅದರ ಕೆಳಗಿದ್ದ ಸ್ಕೂಟರಿಗೆ ಹೊಟ್ಟೆಯೇ ಇರಲಿಲ್ಲ. ಎಂಜಿನ್ನು ಮೇಜಿನ ಮೇಲಿತ್ತು, ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು.

ಅವಳು ಹಿಂದೆ ಬಂದ ಉತ್ತಪ್ಪನತ್ತ ತಿರುಗಿದಳು. “ಕಾಕಾ, ಇದು ಪ್ರಸನ್ನಣ್ಣನ ಗಾಡಿ.”

“ಹೌದು ಮಗಳೇ.”

“ಅಪ್ಪಾ ಇದನ್ನ ಬಿಚ್ಚಿದ್ರಾ? ಯಾಕೆ? ಇಷ್ಟ ವರ್ಷ ಮುಟ್ಟಿರಲಿಲ್ಲ.”

“ನಿಮ್ಮಮ್ಮ ಭಂಗಾರದವನಿಗೆ ಹೇಳಿಬಿಟ್ಟಿದ್ರಂತೆ, ಭಾನುವಾರ ಬಂದು ತಗೊಂಡು ಹೋಗು ಅಂತ. ಕೊಡೋದಕ್ಕೆ ಮುಂಚೆ ಒಂದ್ಸಲ ಒಳಗೆ ನೋಡ್ತೀನಿ ಉತ್ತಪ್ಪ ಅಂದ್ರು ನಿಮ್ಮಪ್ಪ. ನಾನು ಬರ್ತೀನಿ ಅಂದೆ. ಬೇಡ ಅಂದ್ರು.”

ಕಟ್ಟಿಗೆ ಡಬ್ಬಿ ತೆರೆದೇ ಇತ್ತು. ಹಸಿರು ಮಖಮಲ್ಲಿನ ಗುಳಿಯಲ್ಲಿ ಬೆಳ್ಳಿ ಕರಡಿಗೆ, ಶಿವದಾರ ಸುತ್ತಿಕೊಂಡು ಕೂತಿತ್ತು. ಗೇಜು ಮೇಜಿನ ಮೇಲೆ, ಮಡಚಿದ ಬಿಳಿ ಬಟ್ಟೆಯ ಮೇಲೆ ಒರಗಿತ್ತು. ನಿನ್ನೆ ಎದೆ ಹಿಡಿದುಕೊಂಡ ಅಪ್ಪ ಮೊದಲು ಗೇಜನ್ನು ಬಟ್ಟೆಯ ಮೇಲಿಟ್ಟು, ಆಮೇಲೆ ನೆಲಕ್ಕೆ ಕೂತಿದ್ದ.

ಅಕ್ಷರಾ ಕಳಮೇಶ್ವರದ ಕಾರ್ಖಾನೆಯೊಂದರಲ್ಲಿ ತಯಾರಾದ ಭಾಗಗಳನ್ನು ಅಳೆದು ನೋಡುವ ಕೆಲಸದಲ್ಲಿದ್ದಳು. ಆ ಕೆಲಸಕ್ಕೆ ಬುನಾದಿ ಈ ಮೇಜೇ. ಅಣ್ಣ ಹೋದ ಮೇಲೆ ಮಾತು ಬತ್ತಿದ ಮನೆಯಲ್ಲಿ ಅಪ್ಪ ಅವಳ ಕೈಗೆ ಗೇಜು ಕೊಟ್ಟು ಹಿಡಿಯುವುದನ್ನು ಕಲಿಸಿದ್ದ. ಅವರಿಬ್ಬರ ನಡುವೆ ನಡೆದ ಮಾತೆಲ್ಲ ಹೆಚ್ಚುಕಡಿಮೆ ಅಷ್ಟೇ.

ಅವಳು ಮೈಕ್ರೋಮೀಟರ್ ಎತ್ತಿದಳು. ಅದರ ಲಾಕ್ ಬಿಗಿಯಾಗಿತ್ತು. ಪಿಸ್ಟನ್ನಿನ ಮೇಲೆ ಇಟ್ಟು ನೋಡಿದಳು, ಸರಿಯಾಗಿ ಕೂತಿತು.

“ಪಿಸ್ಟನ್ ಅಳೆದು ಲಾಕ್ ಮಾಡ್ಯಾರ ಕಾಕಾ. ಇದಕ್ಕ ಗೇಜ್ ಝೀರೋ ಮಾಡಿ ಸಿಲಿಂಡರಿನೊಳಗ ಇಳಿಸಬೇಕಿತ್ತು, ನಡುವಿನ ಜಾಗ ಎಷ್ಟಂತ ಮುಳ್ಳು ಹೇಳತಿತ್ತು. ಅಷ್ಟ ಬಾಕಿ ಇತ್ತು.” ಅವಳು ಮೈಕ್ರೋಮೀಟರನ್ನು ಗೇಜಿನ ಪಕ್ಕ ಇಟ್ಟಳು. “ಬಸ್, ಅಷ್ಟ.”

*

ಪ್ರಸನ್ನನಿಗೆ ಕಾಲೇಜಿಗೆ ಹೋಗಲು ರುದ್ರಪ್ಪ ಒಂದು ಹಳೆಯ ಸ್ಕೂಟರ್ ತಂದಿದ್ದ. ಸಿಲಿಂಡರ್ ಕೊರೆಸಿ, ಹೊಸ ಪಿಸ್ಟನ್ ಹಾಕಿ, ರಜೆ ಹಾಕಿ ಕೂತು ಎಂಜಿನ್ ಕಟ್ಟಿದ. ಕೊನೆಗೆ ಮಗನ ಬೆನ್ನು ತಟ್ಟಿ, “ಬರೋಬರ್. ಮೊದಲ ಸ್ವಲ್ಪ ದಿನ ಜೋರ ಹೊಡೀಬ್ಯಾಡ” ಎಂದಿದ್ದ.

“ಅಪ್ಪಾ, ಸೈಕಲ್ಲಿನವ್ರು ನನ್ನ ಓವರ್‌ಟೇಕ್ ಮಾಡ್ಲಿಕತ್ತಾರ” ಎಂದು ಹುಡುಗ ಗೊಣಗುತ್ತಿದ್ದ.

ಮಳೆಗಾಲ ಮುಗಿದ ಮೇಲೆ ಒಂದು ದಿನ ವರ್ಧಾ ರಸ್ತೆಯಲ್ಲಿ ಸ್ಕೂಟರ್ ಜಾರಿತು. ಹಿಂದಿನಿಂದ ಲಾರಿ ಬರುತ್ತಿತ್ತು.

ಮಣ್ಣು ಮಾಡಿದ ಮೇಲೆ ಯಾರೋ ಟೆಂಪೋದಲ್ಲಿ ಗಾಡಿ ತಂದು ಅಂಗಳದಲ್ಲಿ ಇಳಿಸಿದರು. ಒಬ್ಬ ಕಿಕ್ ತುಳಿದು ನೋಡಿದ. ಅದು ಅಲುಗಲಿಲ್ಲ. “ಇಂಜನ್ ಜಾಮ್ ಹೋ ಗಯಾ ಥಾ” ಎಂದು ಅವನು ಹೇಳಿದ್ದು ಎಲ್ಲರಿಗೂ ಕೇಳಿಸಿತು. ಓಡುವಾಗ ಪಿಸ್ಟನ್ ಕಚ್ಚಿದರೆ ಹಿಂದಿನ ಗಾಲಿ ತಿರುಗುವುದು ನಿಲ್ಲುತ್ತದೆ, ಗಾಡಿ ಜಾರುತ್ತದೆ. ಶೆಡ್ಡಿನ ಮಣೆಯ ಮೇಲೆ ಅಷ್ಟು ಸಂಜೆ ಕೂತಿದ್ದ ಸತ್ಯಭಾಮಾಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ಹೊಸ್ತಿಲಲ್ಲಿ ನಿಂತು ಹೇಳಿದಳು: “ನಿಮ್ಮ ಅಳತಿ ನನ್ನ ಮಗನ್ನ ತಿಂತು.”

ರುದ್ರಪ್ಪ ಗಾಡಿಯನ್ನು ಮೂಲೆಗೆ ತಳ್ಳಿ ತಾಡಪತ್ರಿ ಹೊದಿಸಿದ. ಬಿಚ್ಚಿ ನೋಡಿದರೆ ತಿಳಿಯುತ್ತಿತ್ತು. ತಿಳಿದುಬಿಟ್ಟರೆ ಎಂಬ ಹೆದರಿಕೆಗೆ ಬಿಚ್ಚಲಿಲ್ಲ. ಆಮೇಲೂ ಬೇರೆಯವರ ಎಂಜಿನ್ ಕಟ್ಟಿದ. ಒಂದೊಂದನ್ನೂ ನಾಲ್ಕು ನಾಲ್ಕು ಸಲ ಅಳೆದ. ತಡವಾಯಿತೆಂದು ಗಿರಾಕಿಗಳು ಬೈದು ಹೋದರು. ಆದರೆ ಬರೋಬರ್ ಎಂಬ ಮಾತನ್ನು ಬಿಟ್ಟುಬಿಟ್ಟ. ಮುಳ್ಳು ನಿಂತ ಮೇಲೆ ಸುಮ್ಮನೆ ಲಿಂಗ ಕಟ್ಟಿಕೊಂಡು ಒಳಗೆ ಬರುತ್ತಿದ್ದ. ಸತ್ಯಭಾಮಾ ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು. ಹೊಸ್ತಿಲಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಳಿಗೂ ಆಗಲಿಲ್ಲ. ಸುಳ್ಳೆಂದು ಗೊತ್ತಿದ್ದರೆ ತೆಗೆದುಕೊಳ್ಳಬಹುದಿತ್ತು.

*

“ಲಿಂಗ ತರಾಕ ಹೋದಾಕಿ ಎಲ್ಲಿ ಹೋದಳು? ಗಾಡಿ ಬಂದು ನಿಂತೈತಿ, ಜಲ್ದಿ ಮಾಡ್ರಿ” ಎಂದು ಮರಿಯಪ್ಪ ಅಂಗಳಕ್ಕೆ ಬಂದ. ಶೆಡ್ಡಿನೊಳಗೆ ಇಣುಕಿದವನು ಹಣೆಗೆ ಕೈ ಹಚ್ಚಿಕೊಂಡ. “ಅಯ್ಯಯ್ಯ! ಅಪ್ಪನ ಹೆಣ ಮನಿಯಾಗ ಕುಂತೈತಿ, ಮಗಳು ಎಂಜಿನ್ ಅಳೀಲಿಕ್ಕ ಕುಂತಾಳ! ಅಕ್ಕಾ, ನೋಡ ಬಾ ಇಲ್ಲಿ!”

ನಡುಮನೆಯಲ್ಲಿ ಸತ್ಯಭಾಮಾ ಎದ್ದು ನಿಂತಳು. ಕಾಶಿಬಾಯಿ ಚಹಾದ ಲೋಟ ಮುಂದೆ ಹಿಡಿದಳು. “ವೈನಿ, ಥೋಡಾ ಚಹಾ ತರೀ ಘ್ಯಾ.” ಸತ್ಯಭಾಮಾ ಲೋಟವನ್ನು ಕಾಣದವಳಂತೆ ದಾಟಿ, ಅಂಗಳ ಇಳಿದು, ಶೆಡ್ಡಿನ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಯಾವ ಎಂಜಿನ್?”

ಅವಳ ಕಣ್ಣು ಮಡಚಿಟ್ಟ ತಾಡಪತ್ರಿಯ ಮೇಲೆ ಹೋಯಿತು.

“ಅವ್ವಾ, ಅಪ್ಪಾ ಅರ್ಧಾ ಅಳೆದಿದ್ರು. ಉಳಿದಿದ್ದು ನಾ ನೋಡ್ಲಾ? ಬ್ಯಾಡ ಅಂದ್ರ ಬಿಡ್ತೀನಿ.”

“ಹೊತ್ತು ಮುಳುಗೂದರೊಳಗ ಮಣ್ಣಾಗಬೇಕ ಅಕ್ಕಾ” ಎಂದ ಮರಿಯಪ್ಪ. “ಇದನ್ನ ನಾಳೆ ನೋಡಿದ್ರ ಆಗೂದಿಲ್ಲೇನು? ಎಂಜಿನ್ ಎಲ್ಲಿ ಓಡಿ ಹೋಗತೈತಿ?”

“ಎಂಜಿನ್ ಓಡಿ ಹೋಗೂದಿಲ್ಲೋ” ಎಂದಳು ಸತ್ಯಭಾಮಾ. “ಅವರು ಹೋಗ್ತಾರ. ಹೋಗೂದರೊಳಗ ನನಗ ಗೊತ್ತಾಗಬೇಕು. ಅಳಿ, ಅಕ್ಷರಾ.”

ಅಕ್ಷರಾ ಸೆರಗಿನಿಂದ ಕಣ್ಣು ಒರೆಸಿಕೊಂಡು, ಅದೇ ಸೆರಗಿನಿಂದ ಕೈ ಒರೆಸಿಕೊಂಡಳು. ಅಪ್ಪ ಲಾಕ್ ಮಾಡಿಟ್ಟ ಮೈಕ್ರೋಮೀಟರಿನ ಬಾಯಿಗೆ ಗೇಜು ಹಿಡಿದು ಮುಳ್ಳನ್ನು ಸೊನ್ನೆಗೆ ತಂದಳು. ಉತ್ತಪ್ಪ ಸಿಲಿಂಡರನ್ನು ಎರಡು ಕೈಯಲ್ಲಿ ಅಲುಗದಂತೆ ಹಿಡಿದ. ಮೇಲ್ಭಾಗದ ಗೋಡೆಯನ್ನು ತುಕ್ಕು ತಿಂದಿತ್ತು. ಅದನ್ನು ಬಿಟ್ಟು, ಕೆಳಗೆ ಹೊಳೆಯುವ ಜಾಗಕ್ಕೆ ಗೇಜು ಇಳಿಸಿದಳು. ಅತ್ತಿತ್ತ ಮೆಲ್ಲಗೆ ತೂಗಿದಳು. ಮುಳ್ಳು ಹೋಗಿ ಬಂದು, ಹೋಗಿ ಬಂದು ಒಂದು ಕಡೆ ನಿಂತಿತು. ಗೇಜನ್ನು ಅಡ್ಡ ತಿರುಗಿಸಿ ಮತ್ತೆ ನೋಡಿದಳು. ಮತ್ತೊಮ್ಮೆ ನೋಡಿದಳು.

“ಎಷ್ಟು?” ಎಂದಳು ಸತ್ಯಭಾಮಾ.

“ನೂರರ ಒಂಬತ್ತು.”

“ಕೂದಲಿಗಿಂತ?”

ಯಾವ ಕೂದಲು ಎಂದು ಅಕ್ಷರಾ ಕೇಳಲಿಲ್ಲ. ಅಪ್ಪ ಆ ಪಾಠವನ್ನು ಅವಳಿಗೂ ಹೇಳಿದ್ದ. “ಒಂದು ಹೆಚ್ಚು. ಪ್ರಸನ್ನಣ್ಣ ಓಡಿಸಿ ಸವೆದಷ್ಟು. ಜಾಗ ಬರೋಬರ್ ಬಿಟ್ಟಿದ್ರು ಅವ್ವಾ.”

ಉತ್ತಪ್ಪ ಪಿಸ್ಟನ್ ಎತ್ತಿ ಬೆಳಕಿಗೆ ಹಿಡಿದ. “ಸೀಜ್ ಆಗಿ ಕಚ್ಚಿ ಹಿಡಿದಿದ್ರೆ ಇಲ್ಲೆಲ್ಲ ಉದ್ದಕ್ಕೆ ಎಳೆದ ಗಾಯ ಇರಬೇಕಿತ್ತು ಅಕ್ಕ. ಒಂದೂ ಇಲ್ಲ. ಇಲ್ಲಿ ನೋಡಿ, ಎಂಜಿನ್ ತಣ್ಣಗಿಡೋ ಫ್ಯಾನಿನ ಮುಚ್ಚಳ ಒಳಕ್ಕೆ ಬಗ್ಗಿದೆ. ಬಿದ್ದಾಗ ಬಗ್ಗಿದ್ದು. ಅದು ಫ್ಯಾನನ್ನ ಕಚ್ಚಿಕೊಂಡಿದ್ದಕ್ಕೆ ಅವತ್ತು ಕಿಕ್ ಅಲುಗಲಿಲ್ಲ. ಗಾಡಿ ಯಾಕೆ ಜಾರಿತೋ ದೇವರಿಗೇ ಗೊತ್ತು. ಎಂಜಿನ್ನಿಂದ ಅಲ್ಲ.”

ಸತ್ಯಭಾಮಾ ಚೌಕಟ್ಟು ಬಿಟ್ಟು ಒಳಗೆ ಬಂದಳು. ಮಣೆ ಇನ್ನೂ ಅದೇ ಜಾಗದಲ್ಲಿತ್ತು. ಅದರ ಮೇಲೆ ಕೂತಳು.

“ಅವರಿಗೆ ಗೊತ್ತಾಗಿತ್ತೇನು?”

“ಗೊತ್ತಾಗೇ ಇರುತ್ತೆ” ಎಂದ ಉತ್ತಪ್ಪ, ತಡಮಾಡದೆ. “ಪಿಸ್ಟನ್ ತೊಳೆದಿದ್ದಾರೆ, ಅಳೆದಿದ್ದಾರೆ. ಅವರ ಕಣ್ಣಿಗೆ ಅಷ್ಟು ಸಾಕು ಅಕ್ಕ. ನಿಶ್ಚಿಂತೆಯಿಂದ ಹೋಗಿದ್ದಾರೆ.”

ಅವಳು ಡಬ್ಬಿಯತ್ತ ನೋಡಿದಳು. ಗುಳಿಯಲ್ಲಿ ಬೆಳ್ಳಿ ಹೊಳೆಯುತ್ತಿತ್ತು.

“ಇಲ್ಲ ತಮ್ಮಾ. ಗೊತ್ತಾಗಿದ್ರ ಲಿಂಗ ಕೊರಳಿಗೆ ಬರತಿತ್ತು.”

ಆಗ ಅವಳು ಅತ್ತಳು. ಸೆರಗನ್ನು ಬಾಯಿಗೆ ತುರುಕಿಕೊಂಡರೂ ಅಳು ನಿಲ್ಲಲಿಲ್ಲ. ನಡುಮನೆಯಲ್ಲಿ ಕೂತವರಿಗೆಲ್ಲ ಕೇಳಿಸಿತು. ಮರಿಯಪ್ಪ ಗಾಡಿಯವನ ಹತ್ತಿರ ಹೋಗಿ, ಬಿಸಿಲಿನಲ್ಲಿ ನಿಂತು, “ರುಕೋ ಭಾವು, ಥೋಡಾ ರುಕೋ” ಎಂದ.

*

ಲಿಂಗವನ್ನು ಅಯ್ಯನವರೇ ಕಟ್ಟಬೇಕೆಂದಿದ್ದರು. ಸತ್ಯಭಾಮಾ ಕರಡಿಗೆಯನ್ನು ಕೈಯಲ್ಲಿ ಹಿಡಿದು ಬಂದದ್ದು ನೋಡಿ ಅವರು ಜಾಗ ಬಿಟ್ಟರು.

ಅವಳು ಗಂಡನ ಎದುರು ಮಂಡಿಯೂರಿದಳು. ಶಿವದಾರವನ್ನು ಕೊರಳಿಗೆ ಹಾಕಿ ಗಂಟು ಬಿಗಿದಳು. ಕಿವಿಯ ಹತ್ತಿರ ಬಾಯಿ ತಂದಳು.

“ಬರೋಬರ್ ಐತ್ರಿ” ಎಂದಳು. “ನೂರರ ಒಂಬತ್ತು. ಅಕ್ಷರಾ ಮೂರು ಸಲ ನೋಡ್ಯಾಳ. ಬರೋಬರ್ ಐತ್ರಿ.”

ಕೂಲರ್ ತಿರುಗುತ್ತಲೇ ಇತ್ತು. ಅವಳು ಸ್ವಲ್ಪ ಹೊತ್ತು ಹಾಗೆಯೇ ಇದ್ದಳು, ಮಾತಿಗೆ ಮಾತು ಬರಲೆಂದು ಕಾಯುವವಳಂತೆ. ಆಮೇಲೆ ಕಾಶಿಬಾಯಿ ಅವಳ ಭುಜ ಹಿಡಿದು ಎಬ್ಬಿಸಿದಳು.

ಸ್ಮಶಾನದಲ್ಲಿ ಮರಿಯಪ್ಪ ಜೆಸಿಬಿ ಬೇಡವೆಂದು ಕೈಯಿಂದಲೇ ತೋಡಿಸಿದ್ದ. ಕುಣಿ ಗಂಟು ಹಾಕಿದ ದಾರಕ್ಕೆ ಸರಿಯಾಗಿತ್ತು. ರುದ್ರಪ್ಪನನ್ನು ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಬಿಲ್ವಪತ್ರೆ, ವಿಭೂತಿ, ಉಪ್ಪು ಹಾಕಿದರು. ತೋಡಿದ ಆಳು ಮೇಲೆ ಬಂದು ಬೆವರು ಒರೆಸಿಕೊಳ್ಳುತ್ತ ಸತ್ಯಭಾಮಾಳನ್ನು ಮರಾಠಿಯಲ್ಲಿ ಕೇಳಿದ: “ಬರೋಬರ್ ಆಹೇ ನಾ, ಆಯೀ?”

ಅವಳು ತಲೆಯಾಡಿಸಿದಳು. ಹಿಡಿ ಉಪ್ಪು ಹಾಕಲು ಹೋದ ಕೈ ಬಿಚ್ಚಲೇ ಇಲ್ಲ. ಅಕ್ಷರಾ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಮನೆಗೆ ಬಂದು ಸ್ನಾನ ಮಾಡಿ, ಬಿಳಿಯ ಕೂದಲನ್ನು ಬಿಟ್ಟುಕೊಂಡೇ ಅವಳು ಶೆಡ್ಡಿಗೆ ಹೋದಳು. ಅಕ್ಷರಾ ಬಾಗಿಲಲ್ಲಿ ನಿಂತಳು.

“ಅವ್ವಾ, ನಾಳೆ ಆಯ್ತವಾರ. ಭಂಗಾರದವ ಬರ್ತಾನ.”

“ಈ ಮನ್ಯಾಗ ಭಂಗಾರ ಇಲ್ಲಂತ ಹೇಳು.”

ಸತ್ಯಭಾಮಾ ಗೇಜನ್ನು ಬಟ್ಟೆಯಿಂದ ಒರೆಸಿ ಅದರ ಗುಳಿಯಲ್ಲಿ ಇಟ್ಟಳು. ಮುಚ್ಚಳ ಮುಚ್ಚಿದಳು. ಮೈಕ್ರೋಮೀಟರನ್ನು ಕೈಗೆ ತೆಗೆದುಕೊಂಡು ನೋಡಿದಳು. ಅದರ ಬಾಯಿ ಇನ್ನೂ ಪ್ರಸನ್ನನ ಪಿಸ್ಟನ್ನಿನಷ್ಟೇ ತೆರೆದಿತ್ತು. ಲಾಕ್ ಬಿಡಿಸದೆ ಹಾಗೆಯೇ ಕೆಳಗಿಟ್ಟಳು.

ಮಗನನ್ನು ಕೊಂದದ್ದು ಆ ಅಳತೆಯಲ್ಲ ಎಂದು ಈಗ ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಅಳೆದವನಿಗೆ ತಿಳಿದಿರಲಿಲ್ಲ.